ಎಣಿಸುವ ಹೊಣೆ ಯಾರದು: ಅರೇ ಲೂಪಿನ ಚರಿತ್ರೆ

ಒಂದೇ ಬಗೆಯ ಹಲವು ಮೌಲ್ಯಗಳನ್ನು ಕಂಪ್ಯೂಟರಿನ ಮೆಮೊರಿಯಲ್ಲಿ ಒಂದರ ಪಕ್ಕ ಒಂದರಂತೆ ಸಾಲಾಗಿ ಇಟ್ಟರೆ ಅದು ಅರೇ. ಆ ಸಾಲಿನಲ್ಲಿ ಎಷ್ಟನೆಯದು ಬೇಕು ಎಂದು ಹೇಳುವ ಅಂಕಿ ಇಂಡೆಕ್ಸ್. ಅಂಕಿಯನ್ನು ಒಂದೊಂದಾಗಿ ಏರಿಸುತ್ತ ಸಾಲಿನ ಪ್ರತಿ ಮೌಲ್ಯಕ್ಕೂ ಅದೇ ಕೆಲಸವನ್ನು ಮರಳಿ ಮರಳಿ ಮಾಡಿಸುವುದು ಲೂಪ್. ಪ್ರೋಗ್ರಾಮಿಂಗ್ ಕಲಿಯಲು ಕೂತವರಿಗೆ ಮೊದಲ ಕೆಲವು ಪಾಠಗಳಲ್ಲೇ ಈ ಮೂರೂ ಎದುರಾಗುತ್ತವೆ. ಸಂಬಳದ ಪಟ್ಟಿಯ ಮೊತ್ತದಿಂದ ಹಿಡಿದು ಹವಾಮಾನದ ಮುನ್ಸೂಚನೆಯವರೆಗೆ ಯಾವ ಲೆಕ್ಕವೂ ಇವುಗಳನ್ನು ಬಿಟ್ಟು ನಡೆಯುವುದಿಲ್ಲ. ಎಣಿಕೆ ಎಲ್ಲಿಂದ ಶುರುವಾಗಬೇಕು, ಎಲ್ಲಿ ನಿಲ್ಲಬೇಕು, ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳು ಮೇಲ್ನೋಟಕ್ಕೆ ಚಿಕ್ಕವು. ಆದರೆ ಇವುಗಳ ಸುತ್ತ ಏಳು ದಶಕಗಳಿಗೂ ಮೀರಿ ವಾದ ನಡೆದಿದೆ. ಪ್ರೋಗ್ರಾಮರನ ತಲೆಯ ಮೇಲಿದ್ದ ಎಣಿಕೆಯ ಹೊಣೆ ಮೊದಲು ಯಂತ್ರಕ್ಕೆ, ಆಮೇಲೆ ಬರೆದದ್ದನ್ನು ಯಂತ್ರದ ಆದೇಶಗಳಾಗಿ ಅನುವಾದಿಸುವ ಕಂಪೈಲರಿಗೆ, ಕೊನೆಗೆ ಭಾಷೆಯ ವ್ಯಾಕರಣಕ್ಕೇ ವರ್ಗವಾದದ್ದೇ ಈ ಚರಿತ್ರೆಯ ಮುಖ್ಯ ಎಳೆ.

ಅಂಕಿ ಹಚ್ಚಿ ಗುರುತಿಸುವ ಪದ್ಧತಿ ಬಂದದ್ದು ಗಣಿತದಿಂದ. 1693ರಲ್ಲಿ ಲೈಬ್ನಿಟ್ಸ್ ಫ್ರೆಂಚ್ ಗಣಿತಜ್ಞ ಲೋಪಿತಾಲ್ ಅವರಿಗೆ ಬರೆದ ಪತ್ರವೊಂದರಲ್ಲಿ ಸಮೀಕರಣಗಳ ಗುಣಕಗಳಿಗೆ ಅಕ್ಷರಗಳ ಬದಲು ಜೋಡಿ ಅಂಕಿಗಳನ್ನು ಬಳಸಿದರು. 10, 11, 12 ಮೊದಲ ಸಮೀಕರಣದ ಗುಣಕಗಳು. 20, 21, 22 ಎರಡನೆಯದರವು. ಎಡಗಡೆಯ ಅಂಕಿ ಯಾವ ಸಮೀಕರಣ ಎಂಬುದನ್ನೂ ಬಲಗಡೆಯದು ಅದರೊಳಗೆ ಯಾವ ಪದ ಎಂಬುದನ್ನೂ ಹೇಳುತ್ತಿತ್ತು. ಇಲ್ಲಿ ಸಮೀಕರಣಗಳ ಎಣಿಕೆ ಒಂದರಿಂದ ಶುರುವಾಗಿದೆ, ಪದಗಳ ಎಣಿಕೆ ಸೊನ್ನೆಯಿಂದ. ಮುಂದೆ ಪ್ರೋಗ್ರಾಮರುಗಳನ್ನು ಇಬ್ಭಾಗ ಮಾಡಲಿದ್ದ ಎರಡೂ ಪದ್ಧತಿಗಳು ಆ ಒಂದೇ ಪತ್ರದಲ್ಲಿ ಜಗಳವಿಲ್ಲದೆ ಕೂಡಿಕೊಂಡಿದ್ದವು.

ಅಂಕಿಯೂ ಆವರ್ತನೆಯೂ ಯಂತ್ರದ ಸಂದರ್ಭದಲ್ಲಿ ಒಟ್ಟಿಗೆ ಕಾಣಿಸಿಕೊಂಡದ್ದು 1843ರಲ್ಲಿ. ಚಾರ್ಲ್ಸ್ ಬ್ಯಾಬೇಜ್ ಯೋಜಿಸಿದ್ದ, ಕೊನೆಗೂ ಪೂರ್ತಿಯಾಗದ ಅನಾಲಿಟಿಕಲ್ ಎಂಜಿನ್ ಕುರಿತ ಲೇಖನವೊಂದನ್ನು ಏಡಾ ಲವ್ಲೇಸ್ ಇಂಗ್ಲಿಷಿಗೆ ಅನುವಾದಿಸಿ, ಅದಕ್ಕೆ ಮೂಲಕ್ಕಿಂತ ದೊಡ್ಡದಾದ ಟಿಪ್ಪಣಿಗಳನ್ನು ಸೇರಿಸಿದರು. ಕೊನೆಯ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆಗಳನ್ನು ಲೆಕ್ಕ ಹಾಕುವ ಕ್ರಮವನ್ನು ಕೋಷ್ಟಕವಾಗಿ ಬರೆದರು. ಆ ಕೋಷ್ಟಕದಲ್ಲಿ 13ರಿಂದ 23ರವರೆಗಿನ ಕ್ರಿಯೆಗಳು ಮತ್ತೆ ಮತ್ತೆ ನಡೆಯಬೇಕು. ಕ್ರಿಯೆಗಳೇನೋ ಅವೇ, ಆದರೆ ಪ್ರತಿ ಸುತ್ತಿನಲ್ಲೂ ಯಂತ್ರದ ಸಂಖ್ಯೆ ಹಿಡಿದಿಡುವ ಸ್ತಂಭಗಳಲ್ಲಿ ಬೇರೆಯದರಿಂದ ಸಂಖ್ಯೆಯನ್ನು ಎತ್ತಿಕೊಳ್ಳಬೇಕು: ಮೊದಲು 21ನೇ ಸ್ತಂಭ, ಆಮೇಲೆ 22, ಆಮೇಲೆ 23. ಮಾಡುವ ಕೆಲಸ ಬದಲಾಗದೆ ಕೆಲಸದ ಜಾಗ ಮಾತ್ರ ಮುಂದೆ ಸರಿಯಬೇಕೆಂಬ ಈ ತೊಡಕೇ ಇಂಡೆಕ್ಸಿನ ತಿರುಳು. ಅದನ್ನು ಲವ್ಲೇಸ್ ಯಂತ್ರವೇ ಇಲ್ಲದ ಕಾಲದಲ್ಲಿ ಕಾಗದದ ಮೇಲೆ ಕಂಡಿದ್ದರು.

ನೂರು ವರ್ಷದ ಮೇಲೆ ನಿಜವಾದ ಯಂತ್ರಗಳು ಬಂದಾಗಲೂ ತೊಡಕು ಹಾಗೆಯೇ ಇತ್ತು. 1944ರ ಹಾರ್ವರ್ಡ್ ಮಾರ್ಕ್ 1 ಯಂತ್ರ ತನ್ನ ಆದೇಶಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ಓದುತ್ತಿತ್ತು. ಲೂಪ್ ಬೇಕೆಂದರೆ ಪಟ್ಟಿಯ ಕೊನೆಯನ್ನು ಅದರ ತಲೆಗೆ ಅಂಟಿಸುತ್ತಿದ್ದರು. ಪಟ್ಟಿ ಬಳೆಯಂತೆ ಸುತ್ತುತ್ತಿದ್ದರೆ ಅದೇ ಆದೇಶಗಳು ಮರುಕಳಿಸುತ್ತಿದ್ದವು. ಆದರೆ ಕಾಗದದಲ್ಲಿ ಕೊರೆದ ವಿಳಾಸ, ಅಂದರೆ ಸಂಖ್ಯೆ ಇರುವ ಜಾಗದ ಗುರುತು, ಸುತ್ತಿನಿಂದ ಸುತ್ತಿಗೆ ಬದಲಾಗದು. ಆವರ್ತನೆ ಸಿಕ್ಕಿತು, ಸಾಲಿನಲ್ಲಿ ಮುಂದೆ ಸರಿಯುವ ಉಪಾಯ ಸಿಗಲಿಲ್ಲ.

ಆ ಉಪಾಯ ಸಿಕ್ಕಿದ್ದು ಆದೇಶಗಳನ್ನೂ ಮೆಮೊರಿಯೊಳಗೇ ಇಡುವ ಕಲ್ಪನೆಯಿಂದ. ಆದೇಶವೂ ಮೆಮೊರಿಯಲ್ಲಿ ಒಂದು ಸಂಖ್ಯೆಯಾಗಿಯೇ ಕೂತಿರುವುದರಿಂದ ಅದಕ್ಕೆ ಒಂದನ್ನು ಕೂಡಿಸಬಹುದು. ಕೇಂಬ್ರಿಡ್ಜಿನ ಎಡ್ಸ್ಯಾಕ್ ಯಂತ್ರ 1949ರ ಮೇ 6ರಂದು ತನ್ನ ಮೊದಲ ಪ್ರೋಗ್ರಾಮನ್ನು ನಡೆಸಿ 0ಯಿಂದ 99ರವರೆಗಿನ ವರ್ಗಗಳ ಕೋಷ್ಟಕ ಅಚ್ಚುಮಾಡಿತು. ಆ ಯಂತ್ರದಲ್ಲಿ ಸಂಖ್ಯೆಗಳ ಸಾಲೊಂದನ್ನು ಕೂಡಿಸುವುದು ಹೀಗೆ: 'ಮೆಮೊರಿಯ 100ನೇ ಜಾಗದಲ್ಲಿರುವುದನ್ನು ಕೂಡಿಸು' ಎಂಬ ಆದೇಶವನ್ನು ಒಮ್ಮೆ ನಡೆಸುವುದು, ನಂತರ ಆ ಆದೇಶವನ್ನೇ ಸಂಖ್ಯೆಯಾಗಿ ಎತ್ತಿಕೊಂಡು, ಅದರ ವಿಳಾಸದ ಭಾಗಕ್ಕೆ ಒಂದು ಸೇರಿಸಿ, ಇದ್ದಲ್ಲಿಯೇ ಮರಳಿ ಇಡುವುದು. ಈಗ ಅದು 'ಮೆಮೊರಿಯ 101ನೇ ಜಾಗದಲ್ಲಿರುವುದನ್ನು ಕೂಡಿಸು' ಎಂದಾಗಿದೆ. ಸಾಲು ಮುಗಿಯಿತೇ ಎಂದು ನೋಡಿ, ಇಲ್ಲವಾದರೆ ಮತ್ತೆ ಮೇಲಕ್ಕೆ ಹೋಗುವುದು. ಪ್ರೋಗ್ರಾಮ್ ನಡೆಯುತ್ತ ನಡೆಯುತ್ತ ತನ್ನನ್ನು ತಾನೇ ತಿದ್ದಿಕೊಳ್ಳುತ್ತಿತ್ತು. ಲೂಪ್ ಮುಗಿದಾಗ ಆದೇಶ ಮೊದಲಿದ್ದಂತೆ ಉಳಿದಿರುವುದಿಲ್ಲ. ಅದೇ ಭಾಗವನ್ನು ಮತ್ತೊಮ್ಮೆ ಬಳಸಬೇಕಾದರೆ ವಿಳಾಸವನ್ನು ಹಿಂದಿನ ಸ್ಥಿತಿಗೆ ತರುವ ಕೆಲಸವೂ ಪ್ರೋಗ್ರಾಮರನ ಪಾಲಿಗೇ. ಇದನ್ನು ಮರೆತವರು ಎರಡನೆಯ ಸಲ ಸಾಲಿನ ತಲೆಯಿಂದಲ್ಲ, ಬಾಲದಿಂದ ಆಚೆಗೆ ಓದುತ್ತಿದ್ದರು.

ಅದೇ ಹೊತ್ತಿಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ದಾರಿ ತೆರೆಯಿತು. ಫ್ರೆಡ್ಡಿ ವಿಲಿಯಮ್ಸ್, ಟಾಮ್ ಕಿಲ್ಬರ್ನ್, ಜೆಫ್ ಟೂಟಿಲ್, ಮ್ಯಾಕ್ಸ್ ನ್ಯೂಮನ್ ಅವರ ತಂಡ 1949ರಲ್ಲಿ ಮ್ಯಾಂಚೆಸ್ಟರ್ ಮಾರ್ಕ್ 1 ಯಂತ್ರಕ್ಕೆ ಪುಟ್ಟ ಭಾಗವೊಂದನ್ನು ಸೇರಿಸಿತು. ಯಂತ್ರದ ಕೂಡುವ ಭಾಗಕ್ಕೆ 'ಎ' ಎಂದೂ ನಿಯಂತ್ರಣದ್ದಕ್ಕೆ 'ಸಿ' ಎಂದೂ ಹೆಸರಿದ್ದುದರಿಂದ ಇದಕ್ಕೆ 'ಬಿ' ಎಂಬ ಹೆಸರು ಬಂತು. ಬಿ-ಸಾಲು ಎನಿಸಿಕೊಂಡ ಈ ಭಾಗದಲ್ಲಿ ಇರಿಸಿದ ಸಂಖ್ಯೆ, ಆದೇಶ ನಡೆಯುವ ಮುನ್ನ ಅದರ ವಿಳಾಸಕ್ಕೆ ಕೂಡಿಕೊಳ್ಳುತ್ತಿತ್ತು. ಮೆಮೊರಿಯಲ್ಲಿದ್ದ ಆದೇಶ ಮಾತ್ರ ಹಾಗೆಯೇ ಉಳಿಯುತ್ತಿತ್ತು. ಇಂದು ಇಂಡೆಕ್ಸ್ ರೆಜಿಸ್ಟರ್ ಎಂದು ಕರೆಯುವುದು ಇದನ್ನೇ. ಪ್ರೋಗ್ರಾಮ್ ತನ್ನನ್ನು ತಾನು ತಿದ್ದಿಕೊಳ್ಳುವ ಅಪಾಯದ ಆಟ ಇದರಿಂದ ತಪ್ಪಿತು. 1951ರಲ್ಲಿ ಮಾರಾಟಕ್ಕೆ ಬಂದ ಫೆರಾಂಟಿ ಮಾರ್ಕ್ 1 ಯಂತ್ರದಲ್ಲಿ ಅಂಥ ಎಂಟು ಬಿ-ಸಾಲುಗಳಿದ್ದವು. ಆ ಕಾಲದ ಯಂತ್ರಾಂಶದ ಹೊಸ ಕಲ್ಪನೆಗಳಲ್ಲಿ ಇಷ್ಟು ಸಣ್ಣದಾಗಿದ್ದು ಇಷ್ಟು ದೂರ ಬಾಳಿದ್ದು ಬೇರೊಂದಿಲ್ಲ ಎನ್ನಬಹುದು. ಇಂದಿನ ಫೋನುಗಳ ಪ್ರೊಸೆಸರುಗಳೂ ಅರೇಯ ಒಂದೊಂದು ಮೌಲ್ಯವನ್ನು ಮುಟ್ಟುವುದು ತಳಹದಿಯ ವಿಳಾಸಕ್ಕೆ ಇಂಡೆಕ್ಸನ್ನು ಕೂಡಿಸಿಯೇ.

ಯಂತ್ರಕ್ಕೆ ಎಣಿಸಲು ಬಂದ ಮೇಲೆ, ಎಣಿಸೆಂದು ಅದಕ್ಕೆ ಹೇಳುವ ಭಾಷೆ ಬೇಕಾಯಿತು. ಜರ್ಮನಿಯ ಕೊನ್ರಾಡ್ ತ್ಸೂಸೆ ಯುದ್ಧದ ಕಾಲದಲ್ಲೇ ರೂಪಿಸಿದ ಪ್ಲಾಂಕಾಲ್ಕ್ಯೂಲ್ ಭಾಷೆಯಲ್ಲಿ ಅರೇಗಳೂ ಆವರ್ತನೆಯ ಆದೇಶಗಳೂ ಇದ್ದವು. ಆದರೆ ಅದು ಪೂರ್ಣವಾಗಿ ಪ್ರಕಟವಾದದ್ದು 1972ರಲ್ಲಿ. ಹಾಗಾಗಿ ಅದರ ಪ್ರಭಾವ ಹೆಚ್ಚಾಗಿ ಬೀಳಲಿಲ್ಲ. ಪ್ರಭಾವ ಬೀರಿದ್ದು ಜ್ಯೂರಿಕ್‌ನ ಹೈನ್ಸ್ ರೂಟಿಸ್‌ಹೌಸರ್. ಅವರು 1951ರ ಸುಮಾರಿಗೆ ಕಾಗದದ ಮೇಲೆ ವಿನ್ಯಾಸಗೊಳಿಸಿದ ಭಾಷೆಯಲ್ಲಿ ಒಂದು ಅಂಕಿಯನ್ನು 1ರಿಂದ ಎನ್‌ವರೆಗೆ ಒಂದೊಂದಾಗಿ ಏರಿಸು ಎಂದು ಹೇಳಲು ಜರ್ಮನ್ ಪದ 'ಫ್ಯೂರ್' ಬಳಸಿದರು. ಅವರೇ ಮುಂದೆ ಆಲ್ಗಾಲ್ ಭಾಷೆ ರೂಪಿಸಿದ ಸಮಿತಿಯಲ್ಲಿ ಕೂತಾಗ ಅದು 'ಫಾರ್' ಆಗಿ ಇಂಗ್ಲಿಷಿಗೆ ಬಂತು. ಇಂದು ಸಿ, ಜಾವಾ, ಪೈಥಾನ್, ಗೋ, ರಸ್ಟ್ ಎಲ್ಲದರಲ್ಲೂ ಲೂಪು ತೆರೆದುಕೊಳ್ಳುವುದು ಆ ಪದದಿಂದಲೇ.

ಕಾಗದದಿಂದ ಕಚೇರಿಗೆ ಇಳಿದ ಮೊದಲ ದೊಡ್ಡ ಭಾಷೆ ಫೋರ್ಟ್ರಾನ್. ಐಬಿಎಂನ ಜಾನ್ ಬ್ಯಾಕಸ್ 1953ರ ಕೊನೆಯಲ್ಲಿ ಪ್ರಸ್ತಾಪ ಇಟ್ಟರು; ಕಂಪೈಲರ್ ಗ್ರಾಹಕರ ಕೈ ಸೇರಿದ್ದು 1957ರ ಏಪ್ರಿಲಿನಲ್ಲಿ. ಅದು ನಡೆಯಬೇಕಿದ್ದ ಐಬಿಎಂ 704 ಯಂತ್ರದಲ್ಲಿ ಮೂರು ಇಂಡೆಕ್ಸ್ ರೆಜಿಸ್ಟರುಗಳಿದ್ದವು. ಕೈಯಲ್ಲಿ ಮೆಷಿನ್ ಕೋಡ್ ಬರೆಯುತ್ತಿದ್ದ ನುರಿತವರು, ಈ ಮೂರನ್ನು ತಮ್ಮಷ್ಟು ಜಾಣತನದಿಂದ ಯಾವ ಕಂಪೈಲರೂ ಬಳಸಲಾರದು ಎಂದು ನಂಬಿದ್ದರು. ಬ್ಯಾಕಸ್ ತಂಡಕ್ಕೆ ಇದು ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಲೂಪಿನ ಕೋಡ್ ನಿಧಾನವಾದರೆ ಭಾಷೆಯನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕಾಗಿ ಕಂಪೈಲರಿನ ಒಂದು ಇಡೀ ಭಾಗವನ್ನು ರಾಬರ್ಟ್ ನೆಲ್ಸನ್ ಮತ್ತು ಇರ್ವಿಂಗ್ ಜಿಲ್ಲರ್ ಲೂಪುಗಳ ಹಾಗೂ ಇಂಡೆಕ್ಸುಗಳ ವಿಶ್ಲೇಷಣೆಗೆಂದೇ ಬರೆದರು. ರೆಜಿಸ್ಟರುಗಳ ಹಂಚಿಕೆಯನ್ನು ಶೆಲ್ಡನ್ ಬೆಸ್ಟ್ ನೋಡಿಕೊಂಡರು. ಒಳಗಿನ ಲೂಪಿನಲ್ಲಿ ಪ್ರತಿ ಸುತ್ತಿಗೂ ಮಾಡಬೇಕಿದ್ದ ವಿಳಾಸದ ಗುಣಾಕಾರವನ್ನು ಕಂಪೈಲರ್ ಹೊರಗಿನ ಲೂಪಿಗೆ ಎತ್ತಿ ಹಾಕಿ, ಒಳಗೆ ಬರೀ ಕೂಡುವಿಕೆಯನ್ನು ಉಳಿಸುತ್ತಿತ್ತು. ಹೊರಬಂದ ಕೋಡ್ ಅದನ್ನು ಬರೆದವರನ್ನೇ ಬೆರಗುಗೊಳಿಸಿತು ಎಂದು ಬ್ಯಾಕಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಮೇಲ್ಮಟ್ಟದ ಭಾಷೆಗಳ ಯುಗ ಶುರುವಾದದ್ದಕ್ಕೆ ಅರೇ ಲೂಪಿನ ಈ ಗೆಲುವು ದೊಡ್ಡ ಕಾರಣ.

ಫೋರ್ಟ್ರಾನಿನ ಲೂಪ್ 'ಡೂ 10 ಐ = 1, 100' ಎಂಬಂತೆ ಇರುತ್ತಿತ್ತು: 10 ಎಂಬ ಗುರುತಿರುವ ಸಾಲಿನವರೆಗಿನ ಆದೇಶಗಳನ್ನು ಐ 1ರಿಂದ 100 ಆಗುವವರೆಗೆ ನಡೆಸು ಎಂದರ್ಥ. ಭಾಷೆ ಹುಟ್ಟಿದ್ದು ವಿಜ್ಞಾನಿಗಳಿಗಾಗಿ, ಆದ್ದರಿಂದ ಅರೇಯ ಎಣಿಕೆ ಗಣಿತದ ರೂಢಿಯಂತೆ ಒಂದರಿಂದ. ಐಯಿಂದ ಎನ್‌ವರೆಗಿನ ಅಕ್ಷರಗಳಿಂದ ಶುರುವಾಗುವ ಹೆಸರುಗಳು ತಾವಾಗಿಯೇ ಪೂರ್ಣಾಂಕಗಳೆನಿಸಿಕೊಂಡದ್ದೂ ಅದೇ ರೂಢಿಯಿಂದ. ಲೂಪಿನ ಇಂಡೆಕ್ಸಿಗೆ ಜಗತ್ತಿನಾದ್ಯಂತ ಇಂದಿಗೂ ಐ, ಜೆ, ಕೆ ಎಂದೇ ಹೆಸರಿಡುವ ಅಭ್ಯಾಸಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಇಲ್ಲಿ. ಕಟ್ಟುಪಾಡುಗಳೂ ಇದ್ದವು. ಇಂಡೆಕ್ಸಿನ ಜಾಗದಲ್ಲಿ '2*ಐ+1'ರಂಥ ಸರಳ ರೂಪ ಮಾತ್ರ ಸಲ್ಲುತ್ತಿತ್ತು, 'ಐ*ಜೆ' ಸಲ್ಲುತ್ತಿರಲಿಲ್ಲ. ಅರೇಗೆ ಮೂರಕ್ಕಿಂತ ಹೆಚ್ಚು ಆಯಾಮ ಇರುವಂತಿರಲಿಲ್ಲ. 704ರಲ್ಲಿ ಇಂಡೆಕ್ಸ್ ರೆಜಿಸ್ಟರಿನ ಮೌಲ್ಯವನ್ನು ವಿಳಾಸಕ್ಕೆ ಕೂಡಿಸುವ ಬದಲು ಅದರಿಂದ ಕಳೆಯಲಾಗುತ್ತಿತ್ತು, ಹಾಗಾಗಿ ಅರೇಗಳು ಮೆಮೊರಿಯಲ್ಲಿ ಹಿಂದುಮುಂದಾಗಿ ಕೂರುತ್ತಿದ್ದವು. ಲೂಪ್ ಮುಗಿಯಿತೇ ಎಂಬ ಪರೀಕ್ಷೆ ಸುತ್ತಿನ ಕೊನೆಯಲ್ಲಿ ಇದ್ದುದರಿಂದ, ಸಾಲು ಖಾಲಿಯಿದ್ದರೂ ಒಂದು ಸುತ್ತು ನಡೆದೇ ತೀರುತ್ತಿತ್ತು. ಈ ಕೊರತೆ ಸರಿಹೋದದ್ದು ಫೋರ್ಟ್ರಾನ್ 77ರಲ್ಲಿ.

ಫೋರ್ಟ್ರಾನ್ ಖಾಲಿ ಜಾಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಲೂಪಿನ ಮಿತಿಗಳ ನಡುವೆ ಅಲ್ಪವಿರಾಮದ ಬದಲು ಚುಕ್ಕೆ ಬಿದ್ದು 'ಡೂ 10 ಐ = 1.10' ಎಂದಾದರೆ, ಕಂಪೈಲರ್ ಅದನ್ನು 'ಡೂ10ಐ' ಎಂಬ ಹೆಸರಿಗೆ 1.10 ಎಂಬ ಮೌಲ್ಯ ಕೊಡುವ ಆದೇಶವೆಂದು ಓದಿ ಸುಮ್ಮನೆ ಮುಂದೆ ಹೋಗುತ್ತಿತ್ತು; ಲೂಪೇ ಇರುತ್ತಿರಲಿಲ್ಲ. 1960ರ ದಶಕದ ಆರಂಭದಲ್ಲಿ ನಾಸಾದಲ್ಲಿ ಕಕ್ಷೆ ಲೆಕ್ಕ ಹಾಕುವ ಪ್ರೋಗ್ರಾಮೊಂದರಲ್ಲಿ ಇಂಥ ತಪ್ಪು ಸಿಕ್ಕಿತ್ತು, ಹಾನಿಯಾಗುವ ಮೊದಲೇ ತಿದ್ದಲಾಯಿತು. 1962ರ ಜುಲೈ 22ರಂದು ಮ್ಯಾರಿನರ್ 1 ನೌಕೆ ನಾಶವಾದದ್ದು ಈ ಚುಕ್ಕೆಯಿಂದಲೇ ಎಂದು ಹಲವು ಪುಸ್ತಕಗಳು ಬರೆದಿವೆ. ಅದು ಸರಿಯಲ್ಲ. ಆ ನೌಕೆಯ ವಿಷಯದಲ್ಲಿ ತಪ್ಪಿದ್ದು ಮಾರ್ಗದರ್ಶನದ ಸಮೀಕರಣದಲ್ಲಿ ಚಿಹ್ನೆಯೊಂದರ ತಲೆಯ ಮೇಲಿರಬೇಕಿದ್ದ ಅಡ್ಡಗೆರೆ.

1960ರ ಆಲ್ಗಾಲ್ ಲೂಪನ್ನು ವಾಕ್ಯದಂತೆ ಓದಲು ಬರುವಂತೆ ಮಾಡಿತು. ಎಲ್ಲಿಂದ, ಎಷ್ಟೆಷ್ಟು ಹೆಜ್ಜೆ, ಎಲ್ಲಿಯವರೆಗೆ ಎಂಬುದನ್ನು ಮಾತಿನ ಕ್ರಮದಲ್ಲೇ ಹೇಳಬಹುದಾಗಿತ್ತು. ಅರೇಯ ಕೆಳಮಿತಿ ಒಂದೇ ಆಗಬೇಕಿಲ್ಲ, ಸೊನ್ನೆಯೂ ಋಣಸಂಖ್ಯೆಯೂ ಆಗಬಹುದಿತ್ತು. ಇದೇ ದಾರಿಯಲ್ಲಿ ನಿಕ್ಲಾಸ್ ವಿರ್ತ್ ಅವರ ಪ್ಯಾಸ್ಕಲ್ ಇನ್ನೂ ಮುಂದೆ ಹೋಗಿ, ಅಕ್ಷರಗಳನ್ನೇ ಇಂಡೆಕ್ಸ್ ಆಗಿ ಬಳಸಲು ಬಿಟ್ಟಿತು. ಆಲ್ಗಾಲಿನ ಕೊಡುಗೆಗಳಲ್ಲಿ ಹೆಚ್ಚು ನೆನೆಯಬೇಕಾದ್ದು ಟೋನಿ ಹೋರ್ ಇಂಗ್ಲೆಂಡಿನ ಎಲಿಯಟ್ ಕಂಪನಿಯಲ್ಲಿ ಬರೆಸಿದ ಕಂಪೈಲರಿನದು. ಅದರಲ್ಲಿ ಪ್ರತಿ ಇಂಡೆಕ್ಸೂ ಅರೇಯ ಮಿತಿಯೊಳಗಿದೆಯೇ ಎಂದು ಪ್ರೋಗ್ರಾಮ್ ನಡೆಯುವಾಗ ಪರೀಕ್ಷಿಸಲಾಗುತ್ತಿತ್ತು. ಪರೀಕ್ಷೆಗೆ ಸಮಯ ಹಿಡಿಯುತ್ತದೆ. ಹಲವು ವರ್ಷಗಳ ನಂತರ ಗ್ರಾಹಕರಿಗೆ, ವೇಗಕ್ಕಾಗಿ ಇದನ್ನು ಕೈಬಿಡುವ ಆಯ್ಕೆ ಬೇಕೇ ಎಂದು ಕೇಳಿದಾಗ ಅವರೆಲ್ಲರೂ ಬೇಡವೆಂದರು. 1980ರ ಟ್ಯೂರಿಂಗ್ ಉಪನ್ಯಾಸದಲ್ಲಿ ಹೋರ್ ಈ ಪ್ರಸಂಗವನ್ನು ಹೇಳಿ, ಎರಡು ದಶಕ ಕಳೆದರೂ ಭಾಷೆಗಳನ್ನು ರೂಪಿಸುವವರು ಇದರಿಂದ ಪಾಠ ಕಲಿತಿಲ್ಲವೆಂದು ದುಃಖಿಸಿದರು.

ಅವರ ದುಃಖಕ್ಕೆ ಆಧಾರವಿತ್ತು. ಅಷ್ಟರಲ್ಲಿ ಸಿ ಭಾಷೆ ಹರಡಿಯಾಗಿತ್ತು. ಅದರ ಬೇರು ಕೇಂಬ್ರಿಡ್ಜಿನ ಮಾರ್ಟಿನ್ ರಿಚರ್ಡ್ಸ್ 1967ರಲ್ಲಿ ಸಿದ್ಧಪಡಿಸಿದ ಬಿಸಿಪಿಎಲ್‌ನಲ್ಲಿದೆ. ಆ ಭಾಷೆಗೆ ಅರೇ ಎಂದರೆ ಒಂದು ವಿಳಾಸ, ಇಂಡೆಕ್ಸ್ ಎಂದರೆ ಆ ವಿಳಾಸದಿಂದ ಎಷ್ಟು ದೂರ ಎಂಬುದು. ಮೊದಲನೆಯದು ತಳದಲ್ಲೇ ಇರುವುದರಿಂದ ಅದರ ದೂರ ಸೊನ್ನೆ. ಬೆಲ್ ಲ್ಯಾಬಿನಲ್ಲಿ ಡೆನಿಸ್ ರಿಚಿ 1972ರ ಸುಮಾರಿಗೆ ರೂಪಿಸಿದ ಸಿ ಇದನ್ನು ವ್ಯಾಕರಣದ ನಿಯಮವನ್ನಾಗಿ ಮಾಡಿತು: 'ಎ[ಐ]' ಎಂದರೆ ಎ ಎಂಬ ವಿಳಾಸಕ್ಕೆ ಐ ಕೂಡಿಸಿ ಅಲ್ಲಿರುವುದನ್ನು ತೆಗೆ. ಕೂಡುವಾಗ ಯಾವುದು ಮೊದಲು ಎಂಬುದು ಮುಖ್ಯವಲ್ಲ. ಹಾಗಾಗಿ ಸಿ ಭಾಷೆಯಲ್ಲಿ 'ಐ[ಎ]' ಎಂದು ತಿರುಗಿಸಿ ಬರೆದರೂ ಅದೇ ಉತ್ತರ ಬರುತ್ತದೆ. 'ಫಾರ್ (ಐ = 0; ಐ < ಎನ್; ಐ++)' ಎಂಬ ಸಿ ಲೂಪಿನ ಸಾಲು ಪ್ರೋಗ್ರಾಮರುಗಳ ಕೈಗೆ ಅಭ್ಯಾಸವಾಗಿಬಿಟ್ಟಿತು. ಅದರ ಕೊನೆಯ '++' ಚಿಹ್ನೆ ಕೆನ್ ಥಾಂಪ್ಸನ್ ಅವರದು. ಅದು ಪಿಡಿಪಿ-11 ಯಂತ್ರದ ಸೌಕರ್ಯಕ್ಕಾಗಿ ಹುಟ್ಟಿತೆಂಬ ಮಾತು ಪ್ರಚಾರದಲ್ಲಿದೆ. ಚಿಹ್ನೆ ಬಂದಾಗ ಆ ಯಂತ್ರವೇ ಇರಲಿಲ್ಲ ಎಂದು ರಿಚಿ ಸ್ಪಷ್ಟಪಡಿಸಿದ್ದಾರೆ. ಹಳೆಯ ಪಿಡಿಪಿ-7ರಲ್ಲಿ ಓದಿದೊಡನೆ ತಾವೇ ಒಂದು ಏರುವ ಕೆಲವು ಮೆಮೊರಿ ಕೋಶಗಳಿದ್ದವು; ಹೊಳಹು ಅಲ್ಲಿಂದ ಬಂದಿರಬಹುದು. ಸಿ ಲೂಪಿನಲ್ಲಿ ಎಣಿಕೆಯ ಪ್ರತಿ ಭಾಗವನ್ನೂ ಬರೆಯುವವರೇ ಹೇಳಬೇಕು. ಅರೇಯ ಉದ್ದ ಎಷ್ಟೆಂಬುದು ಭಾಷೆಗೆ ನೆನಪಿರುವುದಿಲ್ಲ, ಮಿತಿ ಮೀರಿದರೆ ತಡೆಯುವವರೂ ಇರುವುದಿಲ್ಲ.

ಸೊನ್ನೆಯಿಂದಲೋ ಒಂದರಿಂದಲೋ ಎಂಬ ಚರ್ಚೆಗೆ ತರ್ಕದ ತಳಹದಿ ಒದಗಿಸಿದವರು ಎಡ್ಸ್ಖರ್ ಡೈಕ್ಸ್ಟ್ರಾ. ಅವರು 1982ರ ಆಗಸ್ಟ್ 11ರಂದು ಕೈಬರಹದಲ್ಲಿ ಬರೆದ ಕಿರು ಟಿಪ್ಪಣಿ 2ರಿಂದ 12ರವರೆಗಿನ ಸಂಖ್ಯೆಗಳನ್ನು ನಾಲ್ಕು ಬಗೆಯಲ್ಲಿ ಸೂಚಿಸಬಹುದೆಂದು ತೋರಿಸುತ್ತದೆ. ಎರಡೂ ತುದಿಗಳನ್ನು ಸೇರಿಸಿಕೊಳ್ಳಬಹುದು, ಎರಡನ್ನೂ ಬಿಡಬಹುದು, ಕೆಳತುದಿಯನ್ನು ಸೇರಿಸಿ ಮೇಲ್ತುದಿಯನ್ನು ಬಿಡಬಹುದು ಅಥವಾ ಅದರ ತಿರುವುಮುರುವು ಮಾಡಬಹುದು. ಕೆಳತುದಿ ಸೇರಿಸಿ ಮೇಲ್ತುದಿ ಬಿಟ್ಟರೆ, ಅಂದರೆ '2 ≤ ಐ < 13' ಎಂದು ಬರೆದರೆ, ಮಿತಿಗಳ ವ್ಯತ್ಯಾಸವೇ ಸಾಲಿನ ಉದ್ದ: 13ರಲ್ಲಿ 2 ಕಳೆದರೆ 11. ಒಂದು ಸಾಲು ಮುಗಿದ ಅಂಕಿಯಲ್ಲೇ ಮುಂದಿನ ಸಾಲು ಶುರುವಾಗುತ್ತದೆ. ಖಾಲಿ ಸಾಲನ್ನು ಹೇಳಲು ಎರಡೂ ಮಿತಿಗಳನ್ನು ಒಂದೇ ಮಾಡಿದರೆ ಸಾಕು. ಈ ಕ್ರಮವನ್ನು ಒಪ್ಪಿಕೊಂಡ ಮೇಲೆ ಎನ್ ಮೌಲ್ಯಗಳ ಸಾಲಿಗೆ '0 ≤ ಐ < ಎನ್' ಎನ್ನುವುದು '1 ≤ ಐ < ಎನ್+1' ಎನ್ನುವುದಕ್ಕಿಂತ ಅಚ್ಚುಕಟ್ಟು. ಜೆರಾಕ್ಸ್ ಸಂಶೋಧನಾ ಕೇಂದ್ರದ ಮೆಸಾ ಭಾಷೆಯಲ್ಲಿ ನಾಲ್ಕೂ ಬಗೆಗೆ ಅವಕಾಶವಿತ್ತು, ಉಳಿದ ಮೂರನ್ನು ಬಳಸಿದಲ್ಲೆಲ್ಲ ತಪ್ಪುಗಳು ಹೆಚ್ಚಿದವು ಎಂಬ ಅನುಭವವನ್ನೂ ಡೈಕ್ಸ್ಟ್ರಾ ಉಲ್ಲೇಖಿಸುತ್ತಾರೆ.

ಇವು ಬೇಲಿ ಕಟ್ಟುವವರಿಗೆ ಗೊತ್ತಿರುವ ತಪ್ಪುಗಳು. 30 ಮೀಟರ್ ಉದ್ದದ ಬೇಲಿಗೆ 3 ಮೀಟರಿಗೊಂದು ಗೂಟ ನೆಡಲು ಬೇಕಾದದ್ದು 10 ಗೂಟಗಳಲ್ಲ, 11. ಗೂಟಗಳನ್ನು ಎಣಿಸಬೇಕಾದಲ್ಲಿ ನಡುವಿನ ಅಂತರಗಳನ್ನು ಎಣಿಸಿದರೆ ಲೆಕ್ಕ ಒಂದರಿಂದ ತಪ್ಪುತ್ತದೆ. ಲೂಪಿನಲ್ಲಿ '<' ಇರಬೇಕಾದಲ್ಲಿ '≤' ಬಂದರೆ ಆಗುವುದೂ ಇದೇ. ಸಾಲಿನ ಆಚೆಗಿನ ಒಂದು ಮೌಲ್ಯಕ್ಕೆ ಕೈ ಹೋಗುತ್ತದೆ.

ಡೈಕ್ಸ್ಟ್ರಾ ತರ್ಕ ಎಲ್ಲರನ್ನೂ ಒಲಿಸಲಿಲ್ಲ. ಮ್ಯಾಟ್‌ಲ್ಯಾಬ್, ಆರ್, ಬ್ರೆಜಿಲ್‌ನಲ್ಲಿ ಹುಟ್ಟಿದ ಲುವಾ, 2012ರ ಜೂಲಿಯಾ ಇವತ್ತಿಗೂ ಒಂದರಿಂದ ಎಣಿಸುತ್ತವೆ. ಇವನ್ನು ಬಳಸುವವರಲ್ಲಿ ಗಣಿತ, ಸಂಖ್ಯಾಶಾಸ್ತ್ರ, ಎಂಜಿನಿಯರಿಂಗ್ ಹಿನ್ನೆಲೆಯವರು ಬಹಳ. ಪಠ್ಯಪುಸ್ತಕದ ಸೂತ್ರವನ್ನು ಇದ್ದಂತೆ ಬರೆಯಲು ಬರಬೇಕೆಂಬ ಅವರ ಅಪೇಕ್ಷೆಯೂ ನ್ಯಾಯವಾದದ್ದೇ. ಕೆನೆತ್ ಐವರ್ಸನ್ ಅವರ ಎಪಿಎಲ್ ಎಣಿಕೆಯ ಆರಂಭವನ್ನು ಬಳಸುವವರ ಇಷ್ಟಕ್ಕೆ ಬಿಟ್ಟಿತು. ಅದರಲ್ಲಿ ಇಡೀ ಅರೇಯನ್ನು ಒಂದೇ ಚಿಹ್ನೆಯಿಂದ ಕೂಡಿಸಬಹುದಾದ್ದರಿಂದ ಲೂಪಿನ ಅಗತ್ಯವೂ ಕಡಿಮೆಯಿತ್ತು.

ಮಿತಿಯನ್ನು ಕಾಯದ ಅರೇಗಳ ಬೆಲೆ 1988ರ ನವೆಂಬರ್ 2ರಂದು ಎಲ್ಲರಿಗೂ ಕಂಡಿತು. ಅಂದು ಇಂಟರ್ನೆಟ್ಟಿನಲ್ಲಿ ತಾನಾಗಿಯೇ ನಕಲಾಗುತ್ತ ಹರಡಿದ ಮಾರಿಸ್ ವರ್ಮ್ ಎಂಬ ಪ್ರೋಗ್ರಾಮ್ ಬಳಸಿದ ದಾರಿಗಳಲ್ಲಿ ಒಂದು, 512 ಬೈಟುಗಳ ಅರೇಯೊಂದಕ್ಕೆ ಅದರ ಉದ್ದವನ್ನು ಪರೀಕ್ಷಿಸದೆ ಹೊರಗಿನ ಪಠ್ಯವನ್ನು ತುಂಬುತ್ತಿದ್ದ ಪ್ರೋಗ್ರಾಮ್. 512 ದಾಟಿದ ಬೈಟುಗಳು ಪಕ್ಕದ ಮೆಮೊರಿಯ ಮೇಲೆ ಬಿದ್ದು ಯಂತ್ರವನ್ನೇ ವಶಪಡಿಸಿಕೊಂಡವು. 1990ರ ದಶಕದ ನಡುವೆ ಬಂದ ಜಾವಾ ಪ್ರತಿ ಇಂಡೆಕ್ಸನ್ನೂ ಕಡ್ಡಾಯವಾಗಿ ಪರೀಕ್ಷಿಸಿ, ಮಿತಿ ಮೀರಿದರೆ ಪ್ರೋಗ್ರಾಮನ್ನು ಅಲ್ಲೇ ತಡೆಯಿತು. ಹೋರ್ ಬಯಸಿದ್ದು ಅಂತೂ ಮುಖ್ಯವಾಹಿನಿಗೆ ಬಂತು. ಆದರೆ ಮಿತಿ ಕಾಯುವುದರಿಂದ ಇಂಡೆಕ್ಸಿನ ಎಲ್ಲ ತಪ್ಪುಗಳೂ ಹೋಗುವುದಿಲ್ಲ. ವಿಂಗಡಿಸಿದ ಸಾಲನ್ನು ಅರ್ಧರ್ಧ ಮಾಡುತ್ತ ಹುಡುಕುವ, ಜಾವಾ ಲೈಬ್ರರಿಯ ಬೈನರಿ ಸರ್ಚ್ ಲೂಪಿನಲ್ಲಿ ಎರಡು ಇಂಡೆಕ್ಸುಗಳನ್ನು ಕೂಡಿಸಿ ಎರಡರಿಂದ ಭಾಗಿಸುವ ಒಂದು ಸಾಲಿತ್ತು. ಅರೇಯಲ್ಲಿ ನೂರು ಕೋಟಿ ದಾಟಿ ಮೌಲ್ಯಗಳಿದ್ದರೆ ಆ ಮೊತ್ತ ಸುಮಾರು 214 ಕೋಟಿಯ ಮಿತಿಯನ್ನು ಮೀರಿ ಋಣಸಂಖ್ಯೆಯಾಗುತ್ತಿತ್ತು. ಅದನ್ನು ಬರೆದಿದ್ದ ಜೋಶುವಾ ಬ್ಲಾಕ್ 2006ರಲ್ಲಿ ತಪ್ಪನ್ನು ತಾವೇ ಬಹಿರಂಗವಾಗಿ ವಿವರಿಸಿದರು. ಅಷ್ಟು ದೊಡ್ಡ ಅರೇಗಳು ರೂಢಿಗೆ ಬರುವವರೆಗೆ ಸುಮಾರು ಒಂಬತ್ತು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎಣಿಕೆಯನ್ನೇ ಪ್ರೋಗ್ರಾಮರನ ಕೈಯಿಂದ ತೆಗೆದುಕೊಳ್ಳುವ ಯೋಚನೆ ಬೆಳೆದದ್ದು ಎಂಐಟಿಯಲ್ಲಿ. ಬಾರ್ಬರಾ ಲಿಸ್ಕೋವ್ ಮತ್ತು ಅವರ ವಿದ್ಯಾರ್ಥಿಗಳು 1970ರ ದಶಕದ ನಡುವೆ ಕಟ್ಟಿದ ಕ್ಲೂ ಭಾಷೆಯಲ್ಲಿ ಇಟರೇಟರ್ ಎಂಬ ವ್ಯವಸ್ಥೆ ಇತ್ತು. ಮೌಲ್ಯಗಳನ್ನು ಒಂದೊಂದಾಗಿ ಹೊರಗೆ ಕೊಡುವ ಕೆಲಸ ಅದರದು, ಅವನ್ನು ಬಳಸುವ ಕೆಲಸ ಲೂಪಿನದು. ಎಷ್ಟನೆಯದು, ಎಲ್ಲಿದೆ, ಮುಗಿಯಿತೇ ಎಂಬುದೆಲ್ಲ ಲೂಪಿಗೆ ತಿಳಿಯಬೇಕಿಲ್ಲ. ಮುಂದೆ ಬಂದ ಭಾಷೆಗಳು ಒಂದಾದ ಮೇಲೊಂದು ಈ ದಾರಿ ಹಿಡಿದವು: ಸಿ ಶಾರ್ಪ್ 2002ರಲ್ಲಿ, ಜಾವಾ 2004ರಲ್ಲಿ, ಸಿ++ 2011ರಲ್ಲಿ, ಜಾವಾಸ್ಕ್ರಿಪ್ಟ್ 2015ರಲ್ಲಿ. ಜಾವಾಸ್ಕ್ರಿಪ್ಟಿನಲ್ಲಿ ಅದಕ್ಕೂ ಮೊದಲು ಇದ್ದ 'ಫಾರ್ ಇನ್' ಲೂಪ್ ಇಂಡೆಕ್ಸನ್ನು ಸಂಖ್ಯೆಯಾಗಿ ಕೊಡದೆ ಪಠ್ಯವಾಗಿ ಕೊಡುತ್ತಿತ್ತು, ಈಗಲೂ ಕೊಡುತ್ತದೆ. ಮೊದಲ ಇಂಡೆಕ್ಸಾದ ಸೊನ್ನೆಗೆ ಒಂದು ಕೂಡಿಸಿದರೆ 1 ಬರುವ ಬದಲು '01' ಎಂಬ ಪಠ್ಯ ಬರುತ್ತದೆ. ಕಲಿಯುವವರನ್ನು ಇದರಷ್ಟು ಕಾಡಿದ ವಿಚಿತ್ರ ಕಡಿಮೆ.

ಪೈಥಾನಿನ ಅನುಭವ ಹೆಚ್ಚು ಬೋಧಪ್ರದ. ಆಮ್‌ಸ್ಟರ್‌ಡ್ಯಾಮಿನಲ್ಲಿ ಖೀಡೊ ಫಾನ್ ರೊಸ್ಸುಮ್ 1991ರಲ್ಲಿ ಬಿಡುಗಡೆ ಮಾಡಿದ ಈ ಭಾಷೆಯಲ್ಲಿ ಮೂರು ಭಾಗಗಳ ಎಣಿಕೆ ಲೂಪ್ ಎಂದೂ ಇರಲಿಲ್ಲ. 'ಫಾರ್' ಎಂದರೆ ಸಾಲಿನ ಮೌಲ್ಯಗಳ ಮೇಲೆ ನೇರ ನಡಿಗೆ. ಆದರೆ ಮೌಲ್ಯದ ಜೊತೆಗೆ ಅದರ ಸ್ಥಾನವೂ ಬೇಕಾದಾಗ ಜನ 'ಫಾರ್ ಐ ಇನ್ ರೇಂಜ್(ಲೆನ್(ಎ))' ಎಂಬ ಸುತ್ತುಬಳಸಿನ ದಾರಿ ಹಿಡಿಯಬೇಕಾಗುತ್ತಿತ್ತು. ಭಾಷೆ ಓಡಿಸಿದ್ದ ಇಂಡೆಕ್ಸ್ ಹಿತ್ತಿಲ ಬಾಗಿಲಿಂದ ಮರಳಿ ಬಂತು. 2000ದಲ್ಲಿ ಹೊಸ ವ್ಯಾಕರಣದ ಸಲಹೆಯೊಂದು ಬಂದು ತಿರಸ್ಕೃತವಾಯಿತು. ಕೊನೆಗೆ ರೇಮಂಡ್ ಹೆಟ್ಟಿಂಗರ್ ಸೂಚಿಸಿದ 'ಎನ್ಯುಮರೇಟ್' 2003ರ ಆವೃತ್ತಿಯಲ್ಲಿ ಸೇರಿತು. ಅದು ಪ್ರತಿ ಸುತ್ತಿನಲ್ಲೂ ಸ್ಥಾನ ಮತ್ತು ಮೌಲ್ಯದ ಜೋಡಿಯನ್ನು ಕೊಡುತ್ತದೆ. ಎಣಿಸುವುದು ಭಾಷೆ, ಎಣಿಕೆಯನ್ನು ಬಳಸುವುದು ಮಾತ್ರ ಪ್ರೋಗ್ರಾಮರ್. ಆಧುನಿಕ ಭಾಷೆಗಳು ಕಂಡುಕೊಂಡ ಒಪ್ಪಂದ ಇದು. ರಸ್ಟ್, ಸ್ವಿಫ್ಟ್, ಕಾಟ್ಲಿನ್ ಎಲ್ಲವೂ ಸಣ್ಣ ವ್ಯತ್ಯಾಸಗಳೊಡನೆ ಇದನ್ನೇ ಅಳವಡಿಸಿಕೊಂಡವು.

2009ರಲ್ಲಿ ಬಂದ ಗೋ ಈ ಜೋಡಿಯನ್ನು ವ್ಯಾಕರಣದ ಭಾಗವನ್ನೇ ಮಾಡಿತು: 'ಫಾರ್ ಐ, ವಿ := ರೇಂಜ್ ಎ'. ಕನ್ನಡ ಪಠ್ಯದ ಮೇಲೆ ಈ ಲೂಪನ್ನು ಓಡಿಸಿದರೆ ಇಂಡೆಕ್ಸಿನ ಸ್ವಭಾವ ಚೆನ್ನಾಗಿ ಕಾಣುತ್ತದೆ. 'ಕನ್ನಡ' ಎಂಬ ಪದದಲ್ಲಿ ಓದುವವರಿಗೆ ಕಾಣುವುದು ಮೂರು ಅಕ್ಷರ. ಯೂನಿಕೋಡಿನಲ್ಲಿ ಅದು ಐದು ಸಂಕೇತ: ಕ, ನ, ವಿರಾಮದ ಗುರುತು, ಇನ್ನೊಂದು ನ, ಡ. ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಇಲ್ಲಿನ ಒಂದೊಂದು ಸಂಕೇತಕ್ಕೂ 3 ಬೈಟ್, ಒಟ್ಟು 15. ಗೋ ಲೂಪು ಐದು ಸುತ್ತು ನಡೆಯುತ್ತದೆ, ಆದರೆ ಐ ತೋರಿಸುವ ಅಂಕಿಗಳು 0, 3, 6, 9, 12. ಇಂಡೆಕ್ಸ್ ಇಲ್ಲಿ ಎಷ್ಟನೆಯ ಅಕ್ಷರ ಎಂದು ಹೇಳುತ್ತಿಲ್ಲ, ತಳದಿಂದ ಎಷ್ಟು ಬೈಟ್ ದೂರ ಎಂದು ಹೇಳುತ್ತಿದೆ. ಇಂಡೆಕ್ಸ್ ಹಿಡಿದು ಪದವನ್ನು ಕತ್ತರಿಸುವ ಪ್ರೋಗ್ರಾಮ್ ಒತ್ತಕ್ಷರವನ್ನು ಅದರ ಅಕ್ಷರದಿಂದ ಬೇರ್ಪಡಿಸಿಬಿಡುವುದು ಈ ಕಾರಣಕ್ಕೇ. ಇಂಗ್ಲಿಷ್ ಪಠ್ಯ ಮಾತ್ರ ಇಟ್ಟುಕೊಂಡು ಪರೀಕ್ಷಿಸಿದವರಿಗೆ ಈ ತಪ್ಪು ಕಾಣುವುದೇ ಇಲ್ಲ.

ಗೋ ಭಾಷೆಯಲ್ಲಿ ಇನ್ನೊಂದು ತೊಡಕು ಬಹಳ ಕಾಲ ಉಳಿದಿತ್ತು. ಲೂಪಿನ ಮೌಲ್ಯವನ್ನು ಹಿಡಿದಿಡುವ ಚಲಕ ಎಲ್ಲ ಸುತ್ತುಗಳಿಗೂ ಒಂದೇ ಆಗಿದ್ದರಿಂದ, ಒಂದು ಸುತ್ತಿನಲ್ಲಿ ಅದರ ವಿಳಾಸವನ್ನು ತೆಗೆದಿಟ್ಟುಕೊಂಡವರಿಗೆ ಆಮೇಲೆ ಸಿಗುತ್ತಿದ್ದುದು ಕೊನೆಯ ಸುತ್ತಿನ ಮೌಲ್ಯ. 2020ರಲ್ಲಿ, ಜಾಲತಾಣಗಳಿಗೆ ಭದ್ರತೆಯ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ತಂತ್ರಾಂಶದಲ್ಲಿ ಇದೇ ತಪ್ಪಿನಿಂದ, ಹಲವು ಡೊಮೇನ್ ಹೆಸರುಗಳನ್ನು ಒಂದೊಂದಾಗಿ ಪರೀಕ್ಷಿಸುವ ಬದಲು ಒಂದನ್ನೇ ಹಲವು ಸಲ ಪರೀಕ್ಷಿಸಲಾಗಿತ್ತು. ದೋಷ ತಟ್ಟಿದ ಪ್ರಮಾಣಪತ್ರಗಳು 30 ಲಕ್ಷಕ್ಕೂ ಹೆಚ್ಚು. 2024ರ ಫೆಬ್ರುವರಿಯಲ್ಲಿ ಬಂದ ಗೋ 1.22 ಪ್ರತಿ ಸುತ್ತಿಗೂ ಹೊಸ ಚಲಕ ಕೊಟ್ಟು ಇದನ್ನು ಬಗೆಹರಿಸಿತು.

ಎಲ್ಲಕ್ಕಿಂತ ದಿಟ್ಟ ಹೆಜ್ಜೆ ಆಪಲ್‌ನ ಸ್ವಿಫ್ಟ್ ಭಾಷೆಯದು. 2016ರ ಸ್ವಿಫ್ಟ್ 3ರಲ್ಲಿ ಸಿ ಶೈಲಿಯ ಮೂರು ಭಾಗಗಳ ಲೂಪನ್ನೂ '++' ಚಿಹ್ನೆಯನ್ನೂ ಭಾಷೆಯಿಂದಲೇ ತೆಗೆದುಹಾಕಲಾಯಿತು. 2014ರ ಮೊದಮೊದಲ ಆವೃತ್ತಿಗಳಲ್ಲಿ ಮೇಲ್ತುದಿ ಬಿಡುವ ಸಾಲಿಗೆ ಎರಡು ಚುಕ್ಕೆ, ಸೇರಿಸುವ ಸಾಲಿಗೆ ಮೂರು ಚುಕ್ಕೆ ಇತ್ತು. ಒಂದು ಚುಕ್ಕೆಯ ವ್ಯತ್ಯಾಸ ಕಣ್ತಪ್ಪುವುದು ಸುಲಭವೆಂದು ಮೊದಲನೆಯದನ್ನು '..<' ಎಂದು ಬದಲಿಸಿದರು. ಡೈಕ್ಸ್ಟ್ರಾ ಸೂಚಿಸಿದ ಮಿತಿ ಈಗ ಚಿಹ್ನೆಯಲ್ಲೇ ಓದಿಸಿಕೊಳ್ಳುತ್ತದೆ. 2015ರಲ್ಲಿ ಸ್ಥಿರ ಆವೃತ್ತಿ ಕಂಡ ರಸ್ಟ್‌ನಲ್ಲಿ ವೇಗದ ಲೆಕ್ಕವೂ ಇದೇ ದಿಕ್ಕಿಗೆ ವಾಲುತ್ತದೆ. ಇಂಡೆಕ್ಸ್ ಹಿಡಿದು ಅರೇ ಓದಿದರೆ ಸಾಮಾನ್ಯವಾಗಿ ಪ್ರತಿ ಸಲವೂ ಮಿತಿಯ ಪರೀಕ್ಷೆ ನಡೆಯಬೇಕು. ಇಟರೇಟರ್ ಬಳಸಿದರೆ ಮಿತಿ ಮೀರುವ ಸಂದರ್ಭವೇ ಇಲ್ಲವಾದ್ದರಿಂದ ಆ ಪರೀಕ್ಷೆ ಬೇಕಾಗುವುದಿಲ್ಲ. ಹೋರ್ ಅವರ ಕಾಲದಲ್ಲಿ ಸುರಕ್ಷತೆ ಬೇಕೆಂದರೆ ವೇಗ ಬಿಡಬೇಕಿತ್ತು. ಇಲ್ಲಿ ಎರಡೂ ಒಟ್ಟಿಗೆ ದಕ್ಕಿದವು.

ಹಾಗೆಂದು ಇಂಡೆಕ್ಸ್ ಅಳಿದಿಲ್ಲ. ಪಕ್ಕಪಕ್ಕದ ಮೌಲ್ಯಗಳನ್ನು ಹೋಲಿಸಿ ಅದಲುಬದಲು ಮಾಡುವ ವಿಂಗಡಣೆ, ಚಿತ್ರದ ಪ್ರತಿ ಬಿಂದುವಿಗೂ ಸುತ್ತಲಿನ ಬಿಂದುಗಳ ಸರಾಸರಿ ತೆಗೆಯುವ ಲೆಕ್ಕ, ಮ್ಯಾಟ್ರಿಕ್ಸ್ ಗುಣಾಕಾರ ಇವೆಲ್ಲ ಸ್ಥಾನದ ಅರಿವಿಲ್ಲದೆ ಆಗುವಂಥವಲ್ಲ. ಎರಡು ಆಯಾಮದ ಅರೇಯಲ್ಲಿ ಯಾವ ಇಂಡೆಕ್ಸ್ ಒಳಗಿನ ಲೂಪಿನಲ್ಲಿ ಇರಬೇಕೆಂಬುದೂ ಭಾಷೆಯನ್ನು ಅವಲಂಬಿಸಿದೆ. ಸಿ ಅಡ್ಡಸಾಲುಗಳನ್ನು ಒಟ್ಟಿಗೆ ಇಡುತ್ತದೆ, ಫೋರ್ಟ್ರಾನ್ ಕಂಬಸಾಲುಗಳನ್ನು. ಕ್ರಮ ತಪ್ಪಿದರೆ ಉತ್ತರ ಸರಿಯಿದ್ದರೂ, ಮೆಮೊರಿಯಲ್ಲಿ ದೂರ ದೂರ ನೆಗೆಯಬೇಕಾಗಿ ದೊಡ್ಡ ಅರೇಗಳಲ್ಲಿ ಲೂಪ್ ಹಲವು ಪಟ್ಟು ನಿಧಾನವಾಗುತ್ತದೆ. ಎನ್ವಿಡಿಯಾ ತನ್ನ ಗ್ರಾಫಿಕ್ಸ್ ಚಿಪ್‌ಗಳಿಗಾಗಿ 2007ರಲ್ಲಿ ತಂದ ಕೂಡಾ ವ್ಯವಸ್ಥೆಯಲ್ಲಂತೂ ಹೊರಗಿನ ಲೂಪೇ ಮಾಯವಾಗಿ ಇಂಡೆಕ್ಸ್ ಒಂದೇ ಉಳಿಯಿತು. ಅಲ್ಲಿ ಅರೇಯ ಒಂದೊಂದು ಮೌಲ್ಯಕ್ಕೂ ಒಂದೊಂದು ಥ್ರೆಡ್, ಅಂದರೆ ಉಳಿದವುಗಳ ಜೊತೆಜೊತೆಗೇ ನಡೆಯುವ ಕೆಲಸದ ಎಳೆ. ಪ್ರತಿ ಥ್ರೆಡ್ಡೂ ತನ್ನ ಗುಂಪಿನ ಸಂಖ್ಯೆಯನ್ನು ಗುಂಪಿನ ಗಾತ್ರದಿಂದ ಗುಣಿಸಿ, ಗುಂಪಿನೊಳಗಿನ ತನ್ನ ಸ್ಥಾನವನ್ನು ಕೂಡಿಸಿ, ತನ್ನ ಐ ಎಷ್ಟೆಂದು ತಾನೇ ಕಂಡುಕೊಳ್ಳುತ್ತದೆ. 1000 ಮೌಲ್ಯಗಳ ಅರೇಗೆ 256ರ ಗುಂಪುಗಳು ನಾಲ್ಕು ಬೇಕು, ಅಂದರೆ 1024 ಥ್ರೆಡ್‌ಗಳು. ಕೊನೆಯ 24ಕ್ಕೆ ಮಾಡಲು ಕೆಲಸವಿಲ್ಲ. ಅವು ಅರೇಯ ಆಚೆಗೆ ಕೈಚಾಚದಂತೆ 'ಐ < ಎನ್' ಎಂಬ ಪರೀಕ್ಷೆಯನ್ನು ಕೋಡಿನ ಆರಂಭದಲ್ಲೇ ಬರೆದಿಡಬೇಕು, ಮತ್ತು ಅದನ್ನು ಬರೆಯುವ ಹೊಣೆ ಅಲ್ಲಿ ಇಂದಿಗೂ ಪ್ರೋಗ್ರಾಮರನದೇ.